ದೇವರ ಮನೆ ಸುತ್ತಿ ಬಂದ ನೀರು

ಸೆಣಬಿನ ನಾರಿಗೆ ಅಗಸೆ ಎಣ್ಣೆ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಹಸಿ ಗೋಣಿಚೀಲ, ಹೊಸ ಬಣ್ಣ, ಸ್ವಲ್ಪ ಕಬ್ಬಿಣ, ಮೂರೂ ಸೇರಿದಂಥದ್ದು. ನಾನು ಆ ವಾಸನೆಯಲ್ಲಿ ಬೆಳೆದವಳು. ತುಮಕೂರಿನಲ್ಲಿ ನಮ್ಮ ತಂದೆ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಒಂದು ಮಣೆಯ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ಎದುರಿಗೆ ಕೆಲಸದವರು ಪೈಪಿನ ತಿರುಪಿಗೆ ನಾರು ಸುತ್ತಿ, ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣ ಬಳಿದು ಬಿಗಿ ಮಾಡುತ್ತಿದ್ದರು. ಹಾಗಾಗಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದಾಗ, ಅಲ್ಲಿ ಯಾರೂ ಯೋಚಿಸದ ಒಂದು ಸಂಗತಿ ನನಗೆ ಗೊತ್ತಿತ್ತು. ನೀರು ಬರದಿದ್ದರೆ ಅದಕ್ಕೆ ಯಾರದೋ ಕೆಟ್ಟ ಮನಸ್ಸೇ ಕಾರಣವಾಗಬೇಕಿಲ್ಲ. ಪೈಪೂ ಆಗಿರಬಹುದು.

ಗೊತ್ತಿದ್ದೂ, ಮನೆ ಪಾಲಾದ ಮೇಲಿನ ಮೂರು ವರ್ಷ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಎಂಬತ್ತಮೂರರ ಏಪ್ರಿಲ್. ನಾನು ಪಾಠ ಹೇಳುವ ಶಾಲೆಗೆ ಬೇಸಿಗೆ ರಜೆ, ನಮ್ಮ ಮಕ್ಕಳಿಬ್ಬರೂ ತುಮಕೂರಿನ ಅಜ್ಜನ ಮನೆಯಲ್ಲಿದ್ದರು. ಒಂದು ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಬಚ್ಚಲುಮನೆಯಲ್ಲಿ ಚೊಂಬು ಉರುಳಿದ ಸದ್ದಾಯಿತು. ಓಡಿಹೋಗಿ ನೋಡಿದರೆ ನಮ್ಮ ಅತ್ತೆ ಗಿರಿಜಾಂಬಾ ಗೋಡೆಗೆ ಒರಗಿ ಕುಸಿದಿದ್ದರು. ಮೈಯೆಲ್ಲ ತಣ್ಣನೆ ಬೆವರು. ಕೂಗಿದರೆ ಕಣ್ಣು ತೆರೆಯಲಿಲ್ಲ. ಬೆರಳಿಗೆ ಸಕ್ಕರೆ ತೆಗೆದುಕೊಂಡು ಅವರ ನಾಲಿಗೆಗೆ ಸವರುತ್ತ ಕೂತೆ. ಎಷ್ಟೋ ಹೊತ್ತಿನ ಮೇಲೆ ಎಚ್ಚರವಾಯಿತು. ಎಚ್ಚರವಾದೊಡನೆ ಕೇಳಿದ್ದು, "ಪೂಜೆ ಆಗಿಲ್ಲ. ಬಾಯಿಗೆ ಏನು ಹಾಕ್ದೆ ಮಂಗಳಾ?"

ಅತ್ತೆಗೆ ಆಗ ಎಪ್ಪತ್ತೊಂದು. ಸಕ್ಕರೆ ಕಾಯಿಲೆ. ಬೆಳಗ್ಗೆ ಎಂಟಕ್ಕೆ ಮಾತ್ರೆ, ಅದರ ಹಿಂದೆಯೇ ಊಟ ಎಂದು ಡಾಕ್ಟರು ಹೇಳಿದ್ದರು. ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸದೆ ಅತ್ತೆ ಅನ್ನ ಮುಟ್ಟುವವರಲ್ಲ. ಆದರೆ ಮಾತ್ರೆ ಅನ್ನವಲ್ಲವಲ್ಲ. ಅದನ್ನು ಎಂಟಕ್ಕೆ ಸರಿಯಾಗಿ ನುಂಗುತ್ತಿದ್ದರು. ಊಟ ಮಾತ್ರ ಪೂಜೆ ಆದ ಮೇಲೆ. ಸ್ನಾನಕ್ಕೂ ಪೂಜೆಗೂ ಆಯಾ ದಿನದ ಹೊಸ ನೀರೇ ಬೇಕು. ನಿನ್ನೆ ತುಂಬಿಟ್ಟದ್ದು ಆಗದು. ಬೇರೆಯವರ ಮನೆಯಿಂದ ಕೇಳಿ ತಂದದ್ದಂತೂ ಆಗಲೇ ಆಗದು.

ನೀರು ಬಿಡುತ್ತಿದ್ದದ್ದು ಬೆಳಗ್ಗೆ ಆರರಿಂದ ಹತ್ತರವರೆಗೆ. ನಮ್ಮ ನಲ್ಲಿ ಏಳೂವರೆಯವರೆಗೆ ಬರೀ ಉಸಿರು ಬಿಡುತ್ತಿತ್ತು. ಆಮೇಲೆ ನೂಲಿನಷ್ಟು. ಪೂಜೆಯ ಬಿಂದಿಗೆ, ಸ್ನಾನದ ಎರಡು ಬಕೆಟ್ ತುಂಬುವಾಗ ಒಂಬತ್ತು ದಾಟುತ್ತಿತ್ತು. ಪೂಜೆ ಮುಗಿದು ಅತ್ತೆ ತಟ್ಟೆಯ ಮುಂದೆ ಕೂರುವಾಗ ಹತ್ತೂವರೆ.

"ಇನ್ನೊಂದ್ಸಲ ಹೀಗಾದ್ರೆ ಎಬ್ಬಿಸೋಕೆ ಆಗುತ್ತೋ ಇಲ್ವೋ ಹೇಳೋಕಾಗಲ್ಲ," ಅಂದರು ಡಾಕ್ಟರು. "ಎಂಟಕ್ಕೆ ಊಟ ಆಗ್ಲೇಬೇಕು."

ಆ ಸಂಜೆ ನಮ್ಮ ಯಜಮಾನರು ಶಿವರುದ್ರಪ್ಪ ಗೋಣಿಚೀಲದಲ್ಲಿ ಸುತ್ತಿದ ಮೋಟರೊಂದನ್ನು ಆಟೋದಲ್ಲಿ ತಂದು ಅಡುಗೆಮನೆಯ ಬಾಗಿಲಲ್ಲಿ ಇಳಿಸಿದರು.

"ಭಾನುವಾರ ಬೆಳಗ್ಗೆ ಆರಕ್ಕೆ ಎಲೆಕ್ಟ್ರಿಷಿಯನ್ ಬರ್ತಾನೆ. ಪೈಪಿಗೇ ಕಚ್ಚಿಸ್ತೀನಿ. ಸ್ವಿಚ್ ಹಾಕಿದ್ರೆ ಹತ್ತು ನಿಮಿಷ, ಬಚ್ಚಲು ತುಂಬೋಗುತ್ತೆ."

"ಹಾಗೆ ಕಚ್ಚಿಸೋದು ತಪ್ಪು. ಮುಂದಿನ ಮನೆಗೆ ಒಂದು ಹನಿ ಬರಲ್ಲ."

"ನಮಗೆ ಬಂತಾ ಮೂರು ವರ್ಷ? ಅಲ್ಲಿ ಡ್ರಮ್ಮು, ಹಂಡೆ, ತೊಟ್ಟಿ ಎಲ್ಲ ತುಂಬಿ ಚರಂಡಿಗೆ ಹರಿದ್ಮೇಲೆ ತಾನೆ ನಮ್ಮ ಪಾಳಿ?"

ಮುಂದಿನ ಮನೆ ಎಂದರೆ ಬೇರೆ ಯಾರದೋ ಮನೆಯಲ್ಲ. ಒಂದೇ ಮನೆ, ಎಂಬತ್ತರಲ್ಲಿ ಪಾಲಾಯಿತು. ಪಡಸಾಲೆ, ದೇವರ ಮನೆ ಇರುವ ಮುಂಭಾಗ ಭಾವ ರೇವಣಸಿದ್ದಪ್ಪನವರಿಗೆ, ಬಚ್ಚಲು, ಹಳೇ ಅಡುಗೆಮನೆ ಇರುವ ಹಿಂಭಾಗ ನಮಗೆ. ನಡುವಿನ ತೊಟ್ಟಿಯಂಗಳದಲ್ಲಿ ಎದೆಮಟ್ಟದ ಗೋಡೆ ಎದ್ದಿತು. ನಾವು ಪಕ್ಕದ ಓಣಿಯಿಂದ ಓಡಾಡತೊಡಗಿದೆವು. ಪಾಲಿಗೆ ಯಾರೂ ಜಗಳವಾಡಲಿಲ್ಲ. ಆದರೆ ಅತ್ತೆ ತಮ್ಮ ಪೆಟ್ಟಿಗೆ ಎತ್ತಿಕೊಂಡು ನಮ್ಮ ಕಡೆಗೆ ಬಂದುಬಿಟ್ಟರು. ಇಪ್ಪತ್ತೆರಡು ವರ್ಷ ಅವರಿಗೆ ಬಡಿಸಿದ ಹಿರಿಸೊಸೆ ಶೈಲಜಮ್ಮ ಅದನ್ನು ಬೀದಿಯವರ ಮುಂದೆ ಆದ ಅವಮಾನ ಅಂದುಕೊಂಡರು. ಅಂದಿನಿಂದ ಮಾತಿಲ್ಲ.

ತಮಾಷೆಯೆಂದರೆ ಅಣ್ಣತಮ್ಮಂದಿರು ಮಾತು ಬಿಟ್ಟಿರಲಿಲ್ಲ. ತರಗುಪೇಟೆಯ ಬೇಳೆಕಾಳಿನ ಅಂಗಡಿಯಲ್ಲಿ ದಿನವೂ ಒಂದೇ ಗಾದಿಯ ಮೇಲೆ ಕೂರುತ್ತಿದ್ದರು, ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಳ್ಳುತ್ತಿದ್ದರು.

"ಭಾವನ ಹತ್ರ ಒಂದು ಮಾತು ಹೇಳಬಾರ್ದಾ?" ಅಂದೆ.

"ಅಂಗಡೀಲಿ ಮನೆ ಮಾತು ಎತ್ತಲ್ಲ ಅಂತ ಇಬ್ರೂ ಒಪ್ಕೊಂಡಿದೀವಿ."

"ಮನೇಲಿ?"

"ಮನೇಲಿ ಅವನು ಸಿಗಲ್ವಲ್ಲ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. "ನಾಳೆ ಒಂದು ದಿನ ಕೊಡಿ, ಪ್ಲಂಬರಿಗೆ ತೋರಿಸ್ತೀನಿ," ಅಂದೆ. ಅವರು ಮೋಟರನ್ನು ಕಾಲಲ್ಲಿ ಗೋಡೆಯ ಕಡೆ ನೂಕಿ, "ನಾಳೆ ಒಂದೇ ದಿನ," ಅಂದರು.

ಶನಿವಾರ ಆರೂವರೆಗೆ ಪ್ಲಂಬರ್ ಆಂಜಿನಯ್ಯ ಬಂದ. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ಮೊದಲು ಮುಂದಿನ ಬಾಗಿಲಿಗೆ ಹೋಗಿ, "ಶೈಲಜಮ್ಮೋರೆ, ಒಂದರ್ಧ ಗಂಟೆ ಎಲ್ಲಾ ನಲ್ಲಿ ನಿಲ್ಲಿಸ್ಕೊಳ್ಳಿ," ಎಂದು ಕೂಗಿದ. ಒಳಗಿಂದ ಉತ್ತರ ಬರಲಿಲ್ಲ. ಆದರೆ ನಲ್ಲಿಗಳು ಒಂದೊಂದಾಗಿ ನಿಂತ ಸದ್ದು ಕೇಳಿಸಿತು. ಗೇಟಿನ ಬಳಿ ಮೀಟರಿನ ಹತ್ತಿರ ಒಂದು ಜಾಯಿಂಟು ಬಿಚ್ಚಿ ಬಕೆಟ್ ಹಿಡಿದ. ನಿಮಿಷದೊಳಗೆ ತುಂಬಿತು. ಆ ನೀರನ್ನು ಅವನು ಚರಂಡಿಗೆ ಚೆಲ್ಲಲಿಲ್ಲ. ಬೀದಿ ಗುಡಿಸುತ್ತಿದ್ದ ಚಿಕ್ಕಮುನಿಯಮ್ಮನನ್ನು ಕರೆದು ಅವಳ ಬಿಂದಿಗೆಗೆ ಸುರಿದ. ಆಮೇಲೆ ಜಾಯಿಂಟು ಬಿಗಿದು ಹಿಂದಕ್ಕೆ ಬಂದು, ನಮ್ಮ ಬಚ್ಚಲಿನ ನಲ್ಲಿಯ ಕೆಳಗೆ ಅದೇ ಬಕೆಟ್ ಇಟ್ಟು, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕೂತ.

ಇಪ್ಪತ್ತೆಂಟು ನಿಮಿಷ.

"ಅಮ್ಮಾ, ಮುಂದ್ಗಡೆಯೋರ ತಪ್ಪಿಲ್ಲ. ಅವರು ಪೂರಾ ನಿಲ್ಲಿಸಿದ್ರೂ ನಿಮಗೆ ಇಷ್ಟೇ. ಮೀಟರ್ ಹತ್ರ ನೀರು ಕುದುರೆ ಹಂಗೆ ಐತೆ. ಇಲ್ಲಿಗೆ ಬರೋವಷ್ಟ್ರಲ್ಲಿ ಸತ್ತೋಗ್ತಾ ಐತೆ."

ಕಬ್ಬಿಣದ ಸಲಾಕೆಯಿಂದ ನೆಲ ತಟ್ಟುತ್ತ, ಕಿವಿಗೊಡುತ್ತ ಪೈಪಿನ ದಾರಿ ಹಿಡಿದು ಹೋದ. ವಾಪಸ್ಸು ಬಂದಾಗ ನಗುತ್ತಿದ್ದ.

"ಯಾರಮ್ಮ ಈ ಪೈಪು ಹಾಕ್ಸಿದ್ದು? ಚಾಮರಾಜಪೇಟೆಯಿಂದ ಬಸವನಗುಡಿಗೆ ಹೋಗಕ್ಕೆ ಮಲ್ಲೇಶ್ವರ ಸುತ್ಕೊಂಡು ಬಂದಂಗೈತೆ!"

"ನಾನೇ," ಅಂದರು ಅತ್ತೆ. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದರು.

ಆಂಜಿನಯ್ಯನ ನಗು ನಿಂತಿತು.

"ಐವತ್ತೊಂದರಲ್ಲಿ ಈ ಬಚ್ಚಲು ಕಟ್ಟಿಸ್ದಾಗ ಮೇಸ್ತ್ರಿ ನೆಟ್ಟಗೇ ತರ್ತೀನಿ ಅಂದ. ಬಚ್ಚಲಿಗೆ ಹೋಗೋ ನೀರು ದೇವರ ಮನೆ ಅಡೀಲಿ ಹರಿಯೋದು ಬೇಡ ಅಂದೆ. ಸುತ್ತು ಹಾಕಿ ತಂದ."

"ಏಳು ಕಡೆ ತಿರುವು ಐತೆ ದೊಡ್ಡಮ್ಮೋರೆ. ಒಂದೊಂದು ತಿರುವಲ್ಲೂ ಮೂವತ್ತು ವರ್ಷದ ತುಕ್ಕು ಕೂತೈತೆ."

"ಆ ಪೈಪನ್ನೇ ಬದಲಾಯಿಸಿದ್ರೆ?" ಅಂದೆ.

"ಅದರ ಮೇಲೆ ಪಕ್ಕದ ಶೀನಣ್ಣೋರು ಗೋಡೆ ಎಬ್ಬಿಸವ್ರೆ. ಅಗೆಯೋ ಹಂಗಿಲ್ಲ."

"ಸಂಪು ತೆಗೆಸಿದ್ರೆ?"

"ಸಂಪಿಗೆ ಬರೋದೂ ಇದೇ ಪೈಪಲ್ಲಿ ತಾನೆ? ಬೇರೆ ಕನೆಕ್ಷನ್‌ಗೆ ಅರ್ಜಿ ಹಾಕ್ತೀರಾ, ಹಾಕಿ. ಮಳೆಗಾಲ ಕಳೀತದೆ."

ಯಜಮಾನರು ಅಂಗಡಿಗೆ ಹೊರಟು ನಿಂತವರು ಮೋಟರಿನ ಮೇಲೆ ಕೈಯಿಟ್ಟರು. "ಇದು ಹಾಕಿದ್ರೆ ಎಳಿಯುತ್ತೋ ಇಲ್ವೋ, ಅದು ಹೇಳಪ್ಪ."

"ಎಳೀತದೆ ಸಾರ್. ನೀರೂ ಎಳೀತದೆ, ಚರಂಡೀನೂ ಎಳೀತದೆ. ಈ ತುಕ್ಕು ಪೈಪಲ್ಲಿ ತೂತಿಲ್ಲ ಅಂತ ನಾನ್ ಹೇಳಾಕಿಲ್ಲ. ಆ ನೀರಲ್ಲಿ ದೊಡ್ಡಮ್ಮೋರು ಪೂಜೆ ಮಾಡ್ತಾರಾ?"

ಯಜಮಾನರು ಮೋಟರಿನ ಮೇಲಿಂದ ಕೈ ತೆಗೆದರು.

"ದಾರಿ ಒಂದೇ ಸಾರ್. ನೆಟ್ಟಗೆ, ನಲವತ್ತು ಅಡಿ. ಅವರ ದೇವರ ಮನೆ ಕೆಳಗೆ."

"ಅತ್ತಿಗೆ ಹೊಸಲಲ್ಲಿ ನಿಂತು ನಾನು ಕೈಯೊಡ್ಡಲ್ಲ," ಅಂದರು ಯಜಮಾನರು. "ಮಂಗಳಾ, ನೀನೂ ಹೋಗ್ಬೇಡ. ನಾಳೆ ಆರಕ್ಕೆ ಮೋಟರು. ಚರಂಡಿ ಗಿರಂಡಿ ಎಲ್ಲ ಇವನ ಕತೆ." ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಆಂಜಿನಯ್ಯ ತನ್ನ ಸಲಾಕೆ, ರೆಂಚು ಚೀಲಕ್ಕೆ ತುಂಬಿಕೊಂಡ. "ನಾನು ಮಧ್ಯಾಹ್ನದವರೆಗೂ ಮೂಲೆ ಅಂಗಡಿ ಹತ್ರ ಇರ್ತೀನಮ್ಮ," ಅಂದು ನನ್ನ ಮುಖ ನೋಡದೆ ಹೋದ.

ಮದುವೆಯಾದ ಇಷ್ಟು ವರ್ಷದಲ್ಲಿ ಗಂಡನ ಮಾತನ್ನು ನಾನು ನೇರವಾಗಿ ಮೀರಿದ್ದು ಅಂದೇ ಮೊದಲು. ಓಣಿಯಿಂದ ಬೀದಿಗೆ, ಬೀದಿಯಿಂದ ಮುಂದಿನ ಜಗಲಿಗೆ. ಮೂವತ್ತು ಹೆಜ್ಜೆ ಇರಬಹುದು.

ಶೈಲಜಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಏನಮ್ಮ, ದಾರಿ ತಪ್ಪಿ ಬಂದ್ಯಾ?"

"ಇಲ್ಲ ಅಕ್ಕ."

"ಬಿ.ಎಸ್ಸಿ. ಓದಿದವರಿಗೆ ದಾರಿ ತಪ್ಪಲ್ಲ ಬಿಡು. ನೀರು ಕೇಳೋಕೆ ಬಂದ್ಯಾ?"

"ನೀರಲ್ಲ ಅಕ್ಕ. ನೆಲ."

ಆಗ ನೋಡಿದರು. ನಾನು ನಿಂತೇ ಎಲ್ಲ ಹೇಳಿದೆ. ಅತ್ತೆ ಬಿದ್ದದ್ದು, ಡಾಕ್ಟರು ಹೇಳಿದ್ದು, ಏಳು ತಿರುವು, ದೇವರ ಮನೆ. ಮೋಟರಿನ ವಿಷಯವನ್ನೂ ಮುಚ್ಚಿಡಲಿಲ್ಲ. ನಡುವೆ ಎಲ್ಲೋ ಅವರ ಕಾಲು ತಾನಾಗಿ ಚಾಪೆಯನ್ನು ನನ್ನ ಕಡೆಗೆ ಸರಿಸಿತು. ಕೂತೆ. ಕೂತಾಗ ಅಡುಗೆಮನೆಯ ಬಾಗಿಲಲ್ಲಿದ್ದ ಅವರ ಡ್ರಮ್ಮು ಕಾಣಿಸಿತು. ಅದು ಅರ್ಧವೂ ತುಂಬಿರಲಿಲ್ಲ.

"ಇವತ್ತು ನಮ್ಮಿಂದ ನಿಮಗೆ ನೀರು ಸಾಲ್ದೆ ಹೋಯ್ತು," ಅಂದೆ.

"ದಿನಾ ಅಷ್ಟೇ." ಅವರು ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕಿದರು. "ಏಳಕ್ಕೇ ನಿಲ್ಲಿಸಿಬಿಡ್ತೀನಿ."

"ಯಾಕೆ?"

"ಯಾಕೆ ಅಂದ್ರೆ? ಅವರ ಪೂಜೆ ಹೊತ್ತು ನಂಗೆ ಗೊತ್ತಿಲ್ವಾ? ಇಪ್ಪತ್ತೆರಡು ವರ್ಷ ಪೂಜೆಗೆ ನೀರು ಇಟ್ಟವಳು ನಾನು. ಆ ಕಡೆ ಹೋಗ್ಲಿ ಅಂತ ನಿಲ್ಲಿಸ್ತಿದ್ದೆ. ಅಲ್ಲಿ ಬರ್ತಿರ್ಲಿಲ್ಲ ಅಂತ ನಂಗೆ ಯಾರು ಹೇಳಿದ್ರು?"

ನಾವು ಗೋಡೆಯ ಈಚೆ ಶಾಪ ಹಾಕುತ್ತಿದ್ದ ಹೊತ್ತಿನಲ್ಲಿ ಗೋಡೆಯ ಆಚೆ ನಲ್ಲಿ ನಿಲ್ಲುತ್ತಿತ್ತು.

"ಹಾಗಾದ್ರೆ ಅಗಿಸ್ಬಹುದಾ ಅಕ್ಕ?"

ಅವರ ಮುಖ ಮತ್ತೆ ಬಿಗಿಯಿತು. "ಅತ್ತೆ ನಿನ್ನ ಕಳಿಸಿದ್ರಾ? ಬಿಟ್ಟು ಹೋದವರು ಅವರು. ಬಂದು ಕೇಳ್ಬೇಕಾದವರೂ ಅವರೇ. ಅವರು ಈ ಹೊಸಲಿಗೆ ಬರ್ಲಿ, ಆಮೇಲೆ ನೋಡೋಣ."

ವಾಪಸ್ಸು ಬಂದಾಗ ಹತ್ತು ಗಂಟೆ. ನಲ್ಲಿ ನಿಂತಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ಅಂದಿನ ನೀರು ಇನ್ನೂ ತಡವಾಗಿ, ಅತ್ತೆ ಆಗತಾನೆ ಸ್ನಾನ ಮುಗಿಸಿ ಪೂಜೆಗೆ ಕೂತಿದ್ದರು. ಅಂದು ನಾನು ಮಾತ್ರೆಯನ್ನು ಅಡಗಿಸಿಟ್ಟಿದ್ದೆ. ಆದರೂ ಅಂಗೈ ನಡುಗುತ್ತಿತ್ತು. ಎಡಗೈಯಲ್ಲಿದ್ದ ಲಿಂಗ ಜಾರೀತೆಂದು ಬಲಗೈಯನ್ನು ಕೆಳಗೆ ಕೊಟ್ಟುಕೊಂಡಿದ್ದರು. ಒಂದು ತಾಸು ನಾನು ಬಾಗಿಲಲ್ಲಿ ನಿಂತು ಆ ಎರಡು ಕೈಗಳನ್ನೇ ನೋಡುತ್ತಿದ್ದೆ.

ಊಟವಾದ ಮೇಲೆ ಎಲ್ಲ ಹೇಳಿದೆ. ಹೊಸಲಿನ ಮಾತು ಕೇಳಿ ಅತ್ತೆ, "ಅವಳ ಜಂಬ," ಅಂದರು. ಏಳಕ್ಕೇ ನಲ್ಲಿ ನಿಲ್ಲಿಸುತ್ತಿದ್ದ ಮಾತು ಹೇಳಿದೆ. ಅತ್ತೆ ಸೆರಗಿನ ತುದಿ ಮಡಚುತ್ತ ಬಿಚ್ಚುತ್ತ ಕೂತರು. ಗಡಿಯಾರ ಹನ್ನೆರಡು ಹೊಡೆಯಿತು.

"ನನ್ನ ಕೋಲು ಎಲ್ಲಿ?" ಅಂದರು.

ಬಿಸಿಲಲ್ಲಿ ಓಣಿ ದಾಟಲು ನಮಗೆ ಹತ್ತು ನಿಮಿಷ ಹಿಡಿಯಿತು. ಮೂಲೆ ಅಂಗಡಿಯ ನೆರಳಲ್ಲಿದ್ದ ಆಂಜಿನಯ್ಯ ಬೀಡಿ ಎಸೆದು ಎದ್ದುನಿಂತ. ಜಗಲಿಯ ಮೇಲೆ ಅತ್ತೆ ಹೊಸಲಿನ ಹೊರಗೇ ನಿಂತರು.

"ಶೈಲಜಾ."

ಒಳಗೆ ಮೊರದ ಸದ್ದು ನಿಂತಿತು.

"ಪೈಪು ಸುತ್ತು ಹಾಕ್ಸಿದ್ದು ನನ್ನ ತಪ್ಪು. ನೆಟ್ಟಗೆ ಮಾಡಕ್ಕೆ ನಿನ್ನ ಕೇಳೋಕೆ ಬಂದೆ."

ಶೈಲಜಮ್ಮ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತರು. "ಅಷ್ಟೇನಾ ಕೇಳೋಕೆ ಬಂದಿದ್ದು?"

ಅತ್ತೆ ಕೋಲನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ನನ್ನ ಕಡೆ ತೋರಿಸಿದರು.

"ಇವಳು ಸ್ಕೂಲಿಗೆ ಹೋಗೋಳು. ಎರಡು ಎಳೇ ಮಕ್ಕಳು. ಯಾರಾದ್ರೂ ಮನೇಲಿ ಇರಬೇಕಿತ್ತು. ನೀನು ಗಟ್ಟಿ, ನಿಂಗೆ ನನ್ನ ಅಗತ್ಯ ಇಲ್ಲ ಅಂದ್ಕೊಂಡೆ."

"ಅದನ್ನ ಅವತ್ತೇ ನಂಗೆ ಹೇಳ್ಬಹುದಿತ್ತಲ್ಲ?"

"ಹೇಳ್ಬಹುದಿತ್ತು."

ಶೈಲಜಮ್ಮ ಸರಕ್ಕನೆ ತಿರುಗಿ ಒಳಗೆ ಹೋದರು. ನಾನು ಅತ್ತೆಯ ತೋಳು ಹಿಡಿದುಕೊಂಡೆ. ಆಗಲಿಲ್ಲ, ಕೈತಪ್ಪಿತು ಅಂದುಕೊಂಡೆ. ಅಷ್ಟರಲ್ಲಿ ಒಳಗೆ ಕಂಚಿನ ದೀಪದ ಕಂಬ ನೆಲಕ್ಕಿಟ್ಟ ಸದ್ದು ಕೇಳಿತು. ಆಮೇಲೆ ಗಂಟೆಯದು. ಆಮೇಲೆ ಮಣೆ ಎಳೆದದ್ದು. ಅವರು ದೇವರ ಮನೆ ಖಾಲಿ ಮಾಡುತ್ತಿದ್ದರು.

ಆಂಜಿನಯ್ಯ, ಅಗೆಯಲು ಅವನು ಕರೆತಂದ ವೆಂಕಟಪ್ಪ ಇಬ್ಬರೂ ಹಾರೆ ಹಿಡಿದು ಪಡಸಾಲೆಯವರೆಗೆ ಬಂದರು. ದೇವರ ಮನೆಯ ಬಾಗಿಲಲ್ಲಿ ಆಂಜಿನಯ್ಯ ನಿಂತುಬಿಟ್ಟ.

"ಅಮ್ಮೋರೆ, ದೇವರ ಮನೆ... ನಾವು ಒಳಗೆ... ನಿಮಗೆ ಗೊತ್ತಲ್ಲ ನಾವು ಯಾರು ಅಂತ."

ಅತ್ತೆ ಆ ಬಾಗಿಲಿಗೆ ಅಡ್ಡವಾಗಿ ಸ್ಟೂಲಿನ ಮೇಲೆ ಕೂತಿದ್ದರು. ಆ ಮನೆಯ ನೆಲದಡಿಯಲ್ಲಿ ನೀರೂ ಹರಿಯಬಾರದು ಎಂದಿದ್ದವರು. ನಾವೆಲ್ಲ ಅವರನ್ನೇ ನೋಡಿದೆವು. ಅವರು ಕೋಲು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು, ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು.

"ಹೊರಗೆ ನಿಂತು ಪೈಪು ಹಾಕಕ್ಕಾಗುತ್ತೇನಪ್ಪ? ಒಳಗೆ ಹೋಗಿ. ಎಚ್ಚರ, ಚೌಕಟ್ಟು ಗಿಡ್ಡ, ತಲೆ ಬಡಿಯುತ್ತೆ."

ಕಡಪ ಕಲ್ಲುಗಳು ಎದ್ದವು. ಎರಡು ಒಡೆದವು. ಸಂಜೆ ಆರಕ್ಕೆ ಮೀಟರಿನಿಂದ ಬಚ್ಚಲಿನವರೆಗೆ ಹೊಸ ಮುಕ್ಕಾಲಿಂಚಿನ ಪೈಪು ನೆಟ್ಟಗೆ ಮಲಗಿತ್ತು. ಆಗ ಅಂಗಡಿಯಿಂದ ಅಣ್ಣತಮ್ಮಂದಿರು ಒಟ್ಟಿಗೇ ಬಂದು, ಮಣ್ಣಿನ ಗುಡ್ಡೆಯ ಮುಂದೆ ಗರಬಡಿದವರಂತೆ ನಿಂತರು. ಆಂಜಿನಯ್ಯ ಕತ್ತರಿಸಿದ ಹಳೇ ಪೈಪಿನ ಗೇಣುದ್ದ ತುಂಡನ್ನು ನಮ್ಮ ಯಜಮಾನರ ಕೈಗೆ ಕೊಟ್ಟ.

"ಒಂದು ಕಣ್ಣು ಮುಚ್ಚಿ ನೋಡಿ ಸಾರ್."

ಅವರು ಬೆಳಕಿಗೆ ಹಿಡಿದು ನೋಡಿದರು. ಕೆಂಪು ತುಕ್ಕಿನ ನಡುವೆ ಸೀಸದಕಡ್ಡಿಯೂ ತೂರದಷ್ಟು ರಂಧ್ರ. ಅದನ್ನು ಅಣ್ಣನಿಗೆ ಕೊಟ್ಟರು. ಅಣ್ಣ ನೋಡಿ ಶೈಲಜಮ್ಮನಿಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಯಜಮಾನರು, "ಬೆಳಗ್ಗೆ ಬರೋದು ಬೇಡ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿ ಬರ್ತೀನಿ," ಎಂದು ಸೈಕಲ್ ತೆಗೆದರು.

ಆದರೆ ನೀರು ಬಂದಿರಲಿಲ್ಲವಲ್ಲ. ಅದು ಗೊತ್ತಾಗುವುದು ಮಾರನೆಯ ಬೆಳಗ್ಗೆಯೇ. ಒಬ್ಬರ ದೇವರ ಮನೆ ಅಗೆಸಿ, ಕಲ್ಲು ಒಡೆಸಿ, ಕೊನೆಗೆ ನಲ್ಲಿ ಹಾಗೇ ಉಸಿರುಬಿಟ್ಟರೆ?

ಭಾನುವಾರ ಆರಕ್ಕೆ ಐದು ನಿಮಿಷವಿರುವಾಗ ಆಂಜಿನಯ್ಯ ಮೀಟರಿನ ಹತ್ತಿರ ಕೂತ. ನಾನು ಬಚ್ಚಲಲ್ಲಿ. ಅತ್ತೆ ಬಾಗಿಲಲ್ಲಿ, ಟವಲ್ಲು ಹೆಗಲ ಮೇಲೆ.

"ತಿರುಗಿಸ್ದೆ!" ಎಂದು ಬೀದಿಯಿಂದ ಕೂಗಿದ.

ನಲ್ಲಿ ಬುಸ್ ಎಂದಿತು. ಕೆಮ್ಮಿತು. ಒಂದು ಹಿಡಿ ಕೆಂಪು ನೀರು ಉಗುಳಿ ನಿಂತಿತು.

ಪೂರ್ತಿ ನಿಂತಿತು. ನಾನು ಎಣಿಸಿದೆ. ಇಪ್ಪತ್ತರವರೆಗೆ ಎಣಿಸಿದೆ. ಅತ್ತೆ, "ಬಿಡು ಮಂಗಳಾ," ಅಂದರು.

ಆಮೇಲೆ ಗೋಡೆಯೊಳಗೆ ಎಲ್ಲೋ ಗಡಗಡ ಎಂದಿತು. ನೀರು ಬಕೆಟ್ಟಿನ ತಳಕ್ಕೆ ಬಡಿದ ರಭಸಕ್ಕೆ ಬಕೆಟ್ಟೇ ಸರಿಯಿತು. ಮೊದಲು ಕೆಂಪು, ಆಮೇಲೆ ಬೂದು, ಆಮೇಲೆ ತಿಳಿ. ನನ್ನ ಸೀರೆ ಮೊಣಕಾಲವರೆಗೆ ನೆನೆಯಿತು. ಅತ್ತೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ನೀರು ಸುರಿದುಕೊಳ್ಳುವ ಸದ್ದು ಚೊಂಬು ಚೊಂಬಾಗಿ, ಬಿಡದೆ ಕೇಳಿಸಿತು.

ಏಳಕ್ಕೆ ಪೂಜೆಗೆ ಕೂತರು. ನಾನು ಬಚ್ಚಲು ತಿಕ್ಕಿದೆ, ಪೈಪಿನ ಅಕ್ಕಪಕ್ಕದ ಮಣ್ಣು ಬಳಿದೆ, ಮೂರು ವರ್ಷದ ಆಸೆಗೆ ಕಂಡ ಪಾತ್ರೆಯನ್ನೆಲ್ಲ ತುಂಬಿದೆ. ಗಡಿಯಾರ ಹೊಡೆದದ್ದು ಕೇಳಿ ತಿರುಗಿದಾಗ ಅತ್ತೆ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಯಲ್ಲಿ ತಟ್ಟೆಯಿಲ್ಲದ ಮಣೆಯ ಮುಂದೆ ಕೂತಿದ್ದರು. ಗಡಿಯಾರ ಎಂಟು. ಮಾತ್ರೆಯ ಡಬ್ಬಿ ಅವರಿಗೆ ಸಿಕ್ಕಿಬಿಟ್ಟಿತ್ತು. ಎಂಟರ ಮಾತ್ರೆ ಆಗಲೇ ಬಾಯಿಯಲ್ಲಿತ್ತು. ನಾನು ಒಲೆಯನ್ನೇ ಹಚ್ಚಿರಲಿಲ್ಲ.

ಅಕ್ಕಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದೆ, ಡಬ್ಬ ಜಾರಿತು. ಬಗ್ಗಿ ಎತ್ತಿಕೊಳ್ಳುವಾಗ ತೊಟ್ಟಿಯಂಗಳದ ಕಡೆಯಿಂದ ಬಳೆಯ ಸದ್ದಾಯಿತು.

ಗೋಡೆಯ ಮೇಲಿಂದ ಎರಡು ಕೈ ಚಾಚಿದ್ದವು. ಕೈಯಲ್ಲಿ ಮುಚ್ಚಿದ ಸ್ಟೀಲಿನ ತಟ್ಟೆ. ಹೋಗಿ ಹಿಡಿದುಕೊಂಡೆ. ತಳ ಬಿಸಿಯಿತ್ತು. ಬೆರಳು ಸುಡದಿರಲೆಂದು ಅಂಚಿಗೆ ಬಟ್ಟೆ ಸುತ್ತಿತ್ತು. ಮುಚ್ಚಳ ಸರಿಸಿದರೆ ಎರಡು ಅಕ್ಕಿ ರೊಟ್ಟಿ, ಮುರಿಯಲು ಸುಲಭವಾಗಲೆಂದು ತೆಳ್ಳಗೆ ತಟ್ಟಿದ್ದು, ಪಕ್ಕದಲ್ಲಿ ಹುರುಳಿಕಾಯಿ ಪಲ್ಯ.

ಶೈಲಜಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಿದೆಯೆಂದು ನೋಡಿಕೊಂಡು, ಮೆಲ್ಲಗೆ ತಮ್ಮ ಕೈ ಬಿಟ್ಟರು.